ಮೌನದ ಕಟ್ಟೆಯ ಕೆಳಗೆ

ನಮ್ಮ ಹೊಳನಗದ್ದೆಯಿಂದ ಆ ಜಾಗಕ್ಕೆ ಬಸ್ಸು, ಆಮೇಲೆ ಜೀಪು ಎಲ್ಲ ಸೇರಿ ಎರಡು ತಾಸಿನ ದಾರಿ. ಪಾಸ್‌ಪೋರ್ಟ್ ಬೇಡ, ವಿಮಾನ ಬೇಡ, ಹಳದೀಪುರದಲ್ಲಿ ಬಸ್ಸು ನಿಂತರೆ ಕಿಟಕಿಯಿಂದಲೇ ಎಳನೀರು ಕೊಳ್ಳಬಹುದು. ಆದರೂ ಇದನ್ನು ನಾನು ವಿದೇಶ ಪ್ರವಾಸವೆಂದೇ ಬರೆಯುತ್ತಿದ್ದೇನೆ. ಅಲ್ಲಿ ಆಡುವ ಭಾಷೆ ನಮ್ಮದಲ್ಲ. ಊಟ ನಮ್ಮದೇ ಆದರೂ ಅದರ ಹೆಸರು ನಮ್ಮದಲ್ಲ. ಕೂರುವ, ಏಳುವ, ಅನ್ನ ಅಗಿಯುವ ರೀತಿ ಕೂಡ ನಮ್ಮದಲ್ಲ. ಹೊನ್ನಾವರ ತಾಲೂಕಿನೊಳಗೇ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ಸ್ವದೇಶ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೋದದ್ದು ನನ್ನ ತಂಗಿಯ ಮಗಳು ಶಾಲಿನಿಯ ದೆಸೆಯಿಂದ. ಅವಳು ಕುಮಟೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಯಾವುದೋ ಕ್ರೀಮಿನ ಕಂಪನಿ ಚೀಟಿ ಎತ್ತಿದಾಗ ಇವಳ ಹೆಸರು ಬಂದು, ಕಾಡಿನೊಳಗಿನ ಆರೋಗ್ಯಧಾಮದಲ್ಲಿ ಐದು ದಿನದ ವಾಸ ಬಹುಮಾನವಾಗಿ ಸಿಕ್ಕಿತು. ಮದುವೆಯ ಸೀಸನ್ನು, ಮದುಮಕ್ಕಳನ್ನು ಬಿಟ್ಟು ಅವಳು ಹೋಗುವ ಹಾಗಿರಲಿಲ್ಲ. "ದೊಡ್ಡಮ್ಮ, ನೀವೇ ಹೋಗಿ ಬನ್ನಿ. ಮೂವತ್ತೆರಡು ವರ್ಷ ಊರವರ ಆರೋಗ್ಯ ನೋಡಿದ್ದು ಸಾಕು, ಐದು ದಿನ ನಿಮ್ಮದು ನೋಡ್ಕಣಿ" ಎಂದಳು.

ನಾನು ಸರಕಾರಿ ಆರೋಗ್ಯ ಸಹಾಯಕಿಯಾಗಿದ್ದವಳು. ಮೊದಲ ಇಪ್ಪತ್ತೈದು ವರ್ಷ ಭಟ್ಕಳ ತಾಲೂಕು, ಉಳಿದದ್ದು ಹೊನ್ನಾವರ, ಕುಮಟೆ. ನಿವೃತ್ತಳಾಗಿ ಎರಡು ವರ್ಷವಾದರೂ ಜನ ಇನ್ನೂ 'ನರ್ಸಬಾಯಿ' ಎಂದೇ ಕರೆಯುತ್ತಾರೆ. ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಮಂತ್ರ, ತಾಯತ, ನೂಲು ಕಟ್ಟುವುದು, ದೃಷ್ಟಿ ತೆಗೆಯುವುದು ಇವೆಲ್ಲದರ ಮೇಲೆ ದಂಡೆತ್ತಿ ಹೋಗಿ ಬಾಳು ಸವೆಸಿದವಳು. ಹಾಗಾಗಿ ಈ ಧಾಮದ ಬಣ್ಣವನ್ನೂ ಬಯಲು ಮಾಡಿ ಬರುತ್ತೇನೆ ಎಂಬ ಹುಮ್ಮಸ್ಸಿನಲ್ಲೇ ಚೀಲ ತುಂಬಿದೆ.

ಸೋಮವಾರ: ಗೇಟು

ಶರಾವತಿಯ ಬದಿಗೆ ಹೋಗಿ, ಟಾರು ರಸ್ತೆ ಮುಗಿದು, ಮಣ್ಣು ದಾರಿಯೂ ಮುಗಿಯುವ ಹೊತ್ತಿಗೆ ಒಂದು ಬಿದಿರಿನ ಗೇಟು. ಅಲ್ಲಿ ಬಿಳಿ ಬಟ್ಟೆಯ ಒಬ್ಬ ಹುಡುಗಿ ಕೈ ಮುಗಿದು ನನ್ನ ಫೋನು ಕೇಳಿದಳು. ಬಟ್ಟೆಯ ಚೀಲದಲ್ಲಿ ಹಾಕಿ ದಾರ ಬಿಗಿದಳು. ಆಮೇಲೆ ಚಪ್ಪಲಿ ಕೇಳಿದಳು. ಐದು ದಿನ ಬರಿಗಾಲಿನಲ್ಲಿ ಭೂಮಿಯನ್ನು ಮುಟ್ಟಿಕೊಂಡೇ ಇರಬೇಕಂತೆ. ನಮ್ಮಲ್ಲಿ ಬರಿಗಾಲಿನಲ್ಲಿ ಗದ್ದೆಗೆ ಹೋಗುವ ಹೆಂಗಸರಿಗೆ ಚಪ್ಪಲಿ ಹಾಕಿರೇ ಎಂದು ನಾನು ಗಂಟಲು ಹರಿದುಕೊಂಡದ್ದು ನೆನಪಾಗಿ ನಗು ಬಂತು.

ಅಷ್ಟರಲ್ಲಿ ಧಾಮದ ಮುಖ್ಯಸ್ಥ ಬಂದ. ಅನಿರುದ್ಧ ಎಂದು ಹೆಸರು, ಪುಣೆಯವನು, ನಲವತ್ತರ ಆಸುಪಾಸು. ಗಡ್ಡ ಬಿಟ್ಟ ಮೋಸಗಾರನನ್ನು ಕಾಣುವ ನಿರೀಕ್ಷೆಯಲ್ಲಿದ್ದ ನನಗೆ ಅವನ ನಯವಾದ ಮುಖ, ಸಣ್ಣ ದನಿ ನೋಡಿ ನಿರಾಶೆಯೇ ಆಯಿತು. ನನ್ನ ಚೀಲದ ಬಾಯಿಯಲ್ಲಿ ಇಣುಕುತ್ತಿದ್ದ ಒಂದು ಸಣ್ಣ ಬಾಟಲಿಯನ್ನು ತೋರಿಸಿ ಅದೇನೆಂದು ಕೇಳಿದ. ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ ಅದು. ಉಣುಗು ಎಂದರೆ ದನದ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ. ಕಾಡಿನ ಸಣ್ಣ ಉಣುಗು ಸಾಸಿವೆಗಿಂತ ಕಿರಿದು, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಮಾಘ ಮಾಸದಲ್ಲಿ ಎಲೆ ಉದುರುವ ಕಾಲಕ್ಕೆ ಅದರ ಹಾವಳಿ ಜಾಸ್ತಿ. ಈ ಎಣ್ಣೆಯ ಬಾಟಲಿಗಳನ್ನು ಹೆಗಲಚೀಲದಲ್ಲಿ ತುಂಬಿಕೊಂಡು ನಾನು ಕಾಡಂಚಿನ ಮನೆಮನೆ ತಿರುಗಿದ್ದಕ್ಕೆ ಲೆಕ್ಕವಿಲ್ಲ.

"ಕೆಮಿಕಲ್ ವಾಸನೆ ಇದೆ. ಇಲ್ಲಿ ಇಂಥದ್ದನ್ನು ನಾವು ಬಳಸುವುದಿಲ್ಲ" ಎಂದು ಅವನು ಬಹಳ ವಿನಯದಿಂದ ಹೇಳಿದ. ನಾನೂ ವಿನಯದಿಂದಲೇ ಕೊಟ್ಟುಬಿಟ್ಟೆ. ಈ ವರ್ಷ ಈ ಭಾಗದಲ್ಲಿ ಉಣುಗಿನಿಂದ ಬರುವ ಕಾಯಿಲೆಯ ಸುದ್ದಿ ಕೇಳಿರಲಿಲ್ಲ, ಬಿಟ್ಟಿ ಅತಿಥಿ ಬೇರೆ, ಮೊದಲ ದಿನವೇ ಜಗಳ ಯಾಕೆ ಎನಿಸಿತು. ಎಲ್ಲದಕ್ಕೂ ಕೊಕ್ಕೆ ಹಾಕುವ ನಾನು ಹಾಕಲೇಬೇಕಾದ ಜಾಗದಲ್ಲಿ ಹಾಕಲಿಲ್ಲ. ನನ್ನ ಬುದ್ಧಿ ಎಲ್ಲಿ ಹುಲ್ಲು ಮೇಯಲು ಹೋಗಿತ್ತೋ ಎಂದು ಇವತ್ತಿಗೂ ಸಿಟ್ಟು ಬರುತ್ತದೆ.

ಮಂಗಳವಾರ: ಮೂವತ್ತೆರಡು ಸಲ

ಇಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಯಾರೂ ಮಾತನಾಡುವ ಹಾಗಿಲ್ಲ. ನಮ್ಮ ಕಡೆ ಹೀಗೆ ನಾಲ್ಕು ಜನ ಸುಮ್ಮನೆ ಕೂತರೆ ಯಾರು ಹೋದರು ಎಂದು ಪಕ್ಕದ ಮನೆಯವರು ಓಡಿಬರುತ್ತಾರೆ.

ನಾನೂ ಸೇರಿ ಹನ್ನೊಂದು ಜನ ಅತಿಥಿಗಳು. ಹೆಚ್ಚಿನವರು ಹೊರದೇಶದವರು, ಇಬ್ಬರು ಮುಂಬಯಿಯವರು. ನನ್ನ ಪಕ್ಕದ ಗುಡಿಸಲಿನಲ್ಲಿದ್ದವಳು ಹಾಲೆಂಡಿನ ಮಾರಿಟ್ ಎಂಬ ಶಾಲಾ ಶಿಕ್ಷಕಿ. ನನ್ನದೇ ವಯಸ್ಸು. ಬೆಳಗ್ಗೆ ಎದ್ದು ಹೊರಗೆ ಬಂದರೆ ಅವಳು ಒಂದು ಮತ್ತಿ ಮರವನ್ನು ತಬ್ಬಿ ಅಳುತ್ತಿದ್ದಳು. ಏನಾಯಿತು ಎಂದು ಓಡಿದೆ, ಮೌನ ಮುರಿದು ಕೇಳುವ ಹಾಗಿಲ್ಲ. ನಾಡಿ ಹಿಡಿದು ನೋಡಿದೆ, ಸರಿಯಿತ್ತು. ಅವಳು ಕಣ್ಣೊರೆಸಿಕೊಂಡು ನಕ್ಕು, ನನ್ನ ಕೈಯನ್ನೂ ತೆಗೆದು ಮರಕ್ಕೆ ಆನಿಸಿದಳು. ಮರದ ತುಂಬ ಕಟ್ಟಿರುವೆ. ನನಗೂ ಕಣ್ಣಲ್ಲಿ ನೀರು ಬಂತು.

ಊಟಕ್ಕೆ ತೆಂಗಿನ ಕರಟದಲ್ಲಿ ಕೆಂಪಕ್ಕಿ ಗಂಜಿ, ಅರ್ಧ ಮಾವಿನ ಮಿಡಿ. ಅದನ್ನು ಗಂಜಿ ಎನ್ನುವುದಿಲ್ಲ, ಇಂಗ್ಲಿಷಿನಲ್ಲಿ ಅದಕ್ಕೊಂದು ಉದ್ದದ ಹೆಸರಿದೆ. ಒಂದೊಂದು ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು. ಗಂಜಿಯನ್ನು ಅಗಿಯುವುದು ಹೇಗೆ ಎಂದು ನನಗೆ ಇನ್ನೂ ತಿಳಿದಿಲ್ಲ. ನಾಲ್ಕನೇ ತುತ್ತಿಗೆ ತಾಳ್ಮೆ ಕೆಟ್ಟು, ಸೆರಗಿನ ಮರೆಯಲ್ಲಿ ತಂದಿದ್ದ ಒಣ ಸಿಗಡಿ ಚಟ್ನಿಯ ಡಬ್ಬಿ ತೆರೆದೆ. ನಮ್ಮದು ಮೀನುಗಾರರ ಮನೆ, ಒಣಮೀನಿಲ್ಲದ ಗಂಜಿ ನನಗೆ ಗಂಟಲಲ್ಲಿ ಇಳಿಯದು. ವಾಸನೆ ಇಡೀ ಪಡಸಾಲೆಗೆ ಹಬ್ಬಿತು. ಉಳಿದ ಹತ್ತು ಜನ ಮೂಗು ಅತ್ತಿತ್ತ ತಿರುಗಿಸಿದರು. ಯಾರೂ ಕೇಳುವಂತಿಲ್ಲ, ಹೇಳುವಂತಿಲ್ಲ. ಆ ಧಾಮದ ಮೌನ ವ್ರತಕ್ಕೆ ನಾನು ಮನಸಾರೆ ಕೈ ಮುಗಿದದ್ದು ಅದೊಂದೇ ಸಲ. ಬಡಿಸಲು ಬಂದ ಅಡುಗೆಯ ನಾಗವೇಣಿ ಮಾತ್ರ ವಾಸನೆ ಹಿಡಿದು ನನ್ನನ್ನೇ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಗಂಡ ಮಂಜ ಇಲ್ಲಿ ತೋಟ, ದಾರಿ, ಕಟ್ಟಿಗೆಯ ಕೆಲಸ ಮಾಡುತ್ತಿದ್ದ. ನಲವತ್ತೈದರ ಗಟ್ಟಿ ಆಳು. ನಾನು ಎದುರಾದಾಗಲೆಲ್ಲ ಅವನು ತಲೆ ತಗ್ಗಿಸಿ ಬೇರೆ ದಾರಿ ಹಿಡಿಯುತ್ತಿದ್ದ. ನಾಚಿಕೆಯ ಮನುಷ್ಯ ಎಂದುಕೊಂಡೆ.

ಸಂಜೆ ಎಲ್ಲರೂ ಮೌನದ ಕಟ್ಟೆಗೆ ಹೋಗಬೇಕು. ಹೆಸರಿಗೆ ಕಟ್ಟೆ, ಇರುವುದು ಒಂದು ನೇರಳೆ ಮರದ ಕೆಳಗೆ ಹೊಸದಾಗಿ ಕಲ್ಲು ಜೋಡಿಸಿದ ಮಣ್ಣಿನ ದಿಬ್ಬ. ಅದರ ಸುತ್ತ ತರಗೆಲೆಯ ಮೇಲೆಯೇ ಕಾಲು ಮಡಿಸಿ ಕೂರಬೇಕು, ಆಮೇಲೆ ಅಂಗಾತ ಮಲಗಿ ಕಾಡಿನ ಸದ್ದು ಕೇಳಬೇಕು. ನಾನೂ ಮಲಗಿದೆ. ಒಂದು ಹಕ್ಕಿ, ದೂರದಲ್ಲಿ ನೀರು, ಅಷ್ಟೇ. ಇಷ್ಟು ಕಾಡಿದ್ದೂ ಒಂದು ಮಂಗ ಸೂರಿನ ಮೇಲೆ ಹಾರುವುದಿಲ್ಲ, ಬಾಳೆಗೊನೆ ಹಾಗೇ ಇದೆ, ಪುಣ್ಯವಂತರು ಎಂದು ಹೊಟ್ಟೆಕಿಚ್ಚುಪಟ್ಟೆ. ಹೊಟ್ಟೆಕಿಚ್ಚು ಪಡುವ ಬದಲು ಆ ಕ್ಷಣವೇ ನಾನು ಎದ್ದು ಕೂರಬೇಕಿತ್ತು.

ಬುಧವಾರ: ಮಾರಿಟ್ ಹೇಳಿದ ಮಾತು

ಮಧ್ಯಾಹ್ನ ಮೌನದ ಹೊತ್ತು ಮುಗಿದ ಕೂಡಲೇ ಮಾರಿಟ್ ನನ್ನ ಬಳಿ ಬಂದು ಕೂತಳು. ನನ್ನ ನರ್ಸಿಂಗ್ ಇಂಗ್ಲಿಷಿಗೂ ಅವಳ ಶಾಲೆಯ ಇಂಗ್ಲಿಷಿಗೂ ಹೊಂದಾಣಿಕೆಯಾಗುತ್ತಿತ್ತು. ನಾನು ಬಂದದ್ದು ತಡವಾಯಿತು, ಹೋದ ಶುಕ್ರವಾರವೇ ಬರಬೇಕಿತ್ತು ಎಂದಳು. ಜೀವಮಾನದಲ್ಲಿ ಅಂಥ ಸುಂದರವಾದ್ದನ್ನು ಅವಳು ಕಂಡಿರಲಿಲ್ಲವಂತೆ.

ಏನದು ಎಂದೆ.

ಒಂದು ಮಂಗ ಮರದಿಂದ ಬಿದ್ದು ಸತ್ತಿತ್ತು. ತೋಟದ ಮನುಷ್ಯ ಅದನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ನೀರು ಹಾಕಿ ತೊಳೆದ, ಅರಿಶಿನ ಹಚ್ಚಿದ, ಹೊಸ ಬಿಳಿ ಪಂಚೆಯಲ್ಲಿ ಸುತ್ತಿದ. ಗುಂಡಿ ತೆಗೆದು ಮಲಗಿಸಿ, ಕೆಂಪು ಹೂವಿಟ್ಟು, ಊದುಬತ್ತಿ ಹಚ್ಚಿದ. ಅತಿಥಿಗಳೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ಆಮೇಲೆ ಅನಿರುದ್ಧ ಆ ಜಾಗಕ್ಕೆ ಕಲ್ಲು ಜೋಡಿಸಿ, ಇನ್ನು ಮುಂದೆ ಸಂಜೆಯ ಧ್ಯಾನ ಇಲ್ಲೇ ಎಂದ.

ನನ್ನ ಕೈಯಲ್ಲಿದ್ದ ನಿಂಬೆಹುಲ್ಲಿನ ಕಷಾಯ ತೊಡೆಯ ಮೇಲೆ ಚೆಲ್ಲಿತು. ಸುಟ್ಟದ್ದೂ ತಿಳಿಯಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಡಿನಲ್ಲಿ ಮಂಗ ಸತ್ತು ಬಿತ್ತು ಎಂದರೆ ಅದು ಕಾಡು ಕಳಿಸಿದ ತಂತಿ ಸುದ್ದಿ. ಮಂಗನ ಕಾಯಿಲೆ ಬಂದಿದೆ, ಇತ್ತ ಕಾಲಿಡಬೇಡಿ ಎಂದು ಅರ್ಥ. ಸತ್ತ ಮಂಗದ ಮೈಯಲ್ಲಿದ್ದ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಕಾದು ಕೂರುತ್ತವೆ. ಕಚ್ಚಿದರೆ ವಾರದೊಳಗೆ ಜ್ವರ. ಕೆಲವರು ಎದ್ದು ಓಡಾಡುತ್ತಾರೆ, ಕೆಲವರು ವಸಡಿನಲ್ಲಿ, ಮೂಗಿನಲ್ಲಿ ರಕ್ತ ಸುರಿದು ಹೋಗಿಬಿಡುತ್ತಾರೆ. ಅಂಥ ಮಂಗವನ್ನು ಒಬ್ಬ ಎದೆಗೆ ಅವಚಿಕೊಂಡಿದ್ದಾನೆ, ಹನ್ನೊಂದು ಜನ ದಿನವೂ ಬರಿಗಾಲಿನಲ್ಲಿ ಹೋಗಿ ಅದರ ಗೋರಿಯ ಸುತ್ತ ಮಲಗಿದ್ದಾರೆ, ಅವರಲ್ಲಿ ನಾನೂ ಒಬ್ಬಳು. ಮೂವತ್ತೆರಡು ವರ್ಷದ ನೌಕರಿಯಲ್ಲಿ ನನಗೆ ಇಂಥ ಆಘಾತ ಆದದ್ದಿಲ್ಲ. ಮೈಯೆಲ್ಲ ಹರಿದಾಡಿದಂತಾಗಿ, ಮಾರಿಟ್‌ಳ ಎದುರಿಗೇ ಸೀರೆ ಮೊಣಕಾಲಿನವರೆಗೆ ಎತ್ತಿ ನೋಡಿಕೊಂಡೆ. ಅವಳು ಗಾಬರಿಯಾದಳು. ಅವಳ ಕಾಲನ್ನೂ ನೋಡಿದೆ. ಮೊಣಕಾಲಿನ ಹಿಂದೆ ಕರಿ ಎಳ್ಳಿನಂಥದ್ದು ಒಂದು ಕಚ್ಚಿಕೊಂಡಿತ್ತು.

ಅನಿರುದ್ಧನ ಕೋಣೆಗೆ ಹೋಗಿ ಹೇಳಿದಾಗ ಅವನು ಮೊದಲು ನಕ್ಕ. ನಾನು ನಗಲಿಲ್ಲ. ಇಲ್ಲಿಗೆ ಬಂದು ಒಂದು ವರ್ಷವಾಯಿತು, ಇಂಥದ್ದೊಂದು ಕಾಯಿಲೆ ಇದೆ ಎಂದು ಯಾರೂ ಹೇಳಲಿಲ್ಲ ಎಂದ. ಹೇಳುವ ಹೊತ್ತಿಗೆ ನೀವು ಮೌನ ಮಾಡಿಸಿದ್ದಿರಿ ಎಂದು ನಾನು ಅಂದದ್ದು ಸ್ವಲ್ಪ ಒರಟಾಯಿತು. ಅವನ ಮುಖ ಬಿಳುಚಿತು. ಫೋನಿನ ಚೀಲ ಬಿಚ್ಚಿ ಕೈಗೆ ಕೊಟ್ಟ, ಎಲ್ಲರ ಚಪ್ಪಲಿ ತರಿಸಿದ, ಕಟ್ಟೆಯ ಕಡೆ ಯಾರೂ ಹೋಗಬಾರದೆಂದು ಹಗ್ಗ ಕಟ್ಟಿಸಿದ. ಆ ಮಟ್ಟಿಗೆ ಅವನು ಒಳ್ಳೆಯವನೇ.

"ಮಂಗ ಎತ್ತಿದವನು ಎಲ್ಲಿ?" ಎಂದೆ.

ಮಂಜನಿಗೆ ನಿನ್ನೆ ರಾತ್ರಿಯಿಂದ ಮೈ ಬಿಸಿಯಂತೆ. ದೇಹದ ವಿಷ ಹೊರಗೆ ಬರುವಾಗ ಹಾಗಾಗುತ್ತದೆ ಎಂದು ಅನಿರುದ್ಧನೇ ಉಪವಾಸ ಹೇಳಿ, ಬೆಳಗ್ಗೆ ಆವಿಯ ಕೋಣೆಯಲ್ಲಿ ಕೂರಿಸಿದ್ದ. ಇದನ್ನು ಹೇಳುವಾಗ ಅವನ ದನಿ ಅರ್ಧಕ್ಕೇ ನಿಂತುಹೋಯಿತು.

ಬುಧವಾರವೇ: ಕಟ್ಟಿಗೆ ಕೊಟ್ಟಿಗೆಯ ಹಿಂದಿನ ಕೋಣೆ

ಮಂಜ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಾಗವೇಣಿ ಒದ್ದೆ ಬಟ್ಟೆ ಹಿಡಿದು ಕೂತಿದ್ದಳು. ಕಣ್ಣು ಕೆಂಡ. ಹಣೆ ಮುಟ್ಟಿದರೆ ಥರ್ಮಾಮೀಟರ್ ಬೇಕಿರಲಿಲ್ಲ.

"ತಲೆ ಸಿಡೀತದಾ? ಸೊಂಟ ನೋವಾ?" ಎಂದೆ.

"ಎಂತ ಇಲ್ಲ ನರ್ಸಬಾಯಿ. ನಾಳಿಗೆ ಆರಾಮಾತದೆ" ಎಂದ.

ನಾನು ಬೆಚ್ಚಿದೆ. ನಾನು ಯಾರು, ಏನು ಮಾಡುತ್ತಿದ್ದೆ ಎಂದು ಆ ಧಾಮದಲ್ಲಿ ಒಬ್ಬರಿಗೂ ಹೇಳಿರಲಿಲ್ಲ.

"ನನ್ನ ಗುರ್ತ ಉಂಟಾ ನಿಂಗೆ?"

ಅವನು ಗೋಡೆಗೆ ಇನ್ನಷ್ಟು ಒತ್ತಿಕೊಂಡ. ಮಾತು ಬೆಳೆಸುವ ಹೊತ್ತೂ ಅದಾಗಿರಲಿಲ್ಲ. ಏಳು, ಜೀಪು ತಯಾರಿದೆ, ಹೊನ್ನಾವರದ ದವಾಖಾನೆಗೆ ಹೋಗೋಣ ಎಂದೆ. ಅವನು ಏಳಲಿಲ್ಲ.

"ಹೋದ್ರೆ ಎಂತಕ್ಕೆ ಜರ ಬಂತು ಕೇಳ್ತ್ರು. ಮಂಗನ ಸುದ್ದಿ ಹೇಳ್ಬೇಕಾತದೆ. ಹೇಳಿದ್ರೆ ಬಂದು ಅಗೀತ್ರು" ಎಂದ.

"ಅಗೀಲೇಬೇಕು. ಪರೀಕ್ಷೆಗೆ ತಕ್ಕಂಡು ಸುಡ್ಬೇಕು."

"ಹಂಗಾರೆ ನಾ ಬರೂದಿಲ್ಲ."

ನನಗೆ ನನ್ನ ಹಳೆಯ ಸಿಟ್ಟು ಬಂತು. "ನಿಂಗೆ ಜೀವ ಬೇಕಾ, ಸತ್ತ ಮಂಗ ಬೇಕಾ? ಹನುಮಂತ, ಹನುಮಂತ ಅಂತ ಮೂಢನಂಬಿಕೆ ಹಿಡ್ಕಂಡು ಸಾಯ್ತ್ಯಾ?" ಎಂದು ಕೂಗಿದೆ. ಆಗ ಅವನು ನಿಧಾನ ಈ ಕಡೆ ಹೊರಳಿದ.

"ಇದೇ ಮಾತು. ನನ್ನ ಅಪ್ಪನ ಹತ್ರ ಹೇಳಿದ್ದೂ ಇದೇ ಮಾತು ನೀವು."

ಅವನು ನಿಲ್ಲಿಸಿ ನಿಲ್ಲಿಸಿ ಹೇಳಿದ. ನಡುನಡುವೆ ನಾಗವೇಣಿ ನೀರು ಕುಡಿಸಿದಳು. ಅವನ ಊರು ಭಟ್ಕಳ ತಾಲೂಕಿನ ಕಾಡಂಚಿನ ಒಂದು ಕೇರಿ. ಹನ್ನೆರಡು ವರ್ಷದ ಹಿಂದೆ ಅಲ್ಲಿ ಒಂದು ಮಂಗ ಸತ್ತಿತ್ತು. ಅವನ ಅಪ್ಪನೇ ಎರಡು ಮೈಲಿ ನಡೆದು ಬಂದು ನನಗೆ ಸುದ್ದಿ ಮುಟ್ಟಿಸಿದ್ದರಂತೆ. ನಾನು ಜನ ಕಟ್ಟಿಕೊಂಡು ಹೋದೆ. ಎಲ್ಲರನ್ನೂ ದೂರ ನಿಲ್ಲಿಸಿ, ಕಟ್ಟಿಗೆ ಒಟ್ಟಿಸಿ, ಸೀಮೆಎಣ್ಣೆ ಸುರಿಸಿದೆ. ಆಗ ಆ ಮುದುಕರು ಒಂದು ದಾಸವಾಳ, ಒಂದು ತುಂಡು ಹೊಸ ಬಟ್ಟೆ ಹಿಡಿದು ಬಂದು, ಇದೊಂದು ಹಾಕಿ ಸುಡಿ ಎಂದರಂತೆ. ನಾನು ಅವರ ಕೈ ಪಕ್ಕಕ್ಕೆ ತಳ್ಳಿದೆನಂತೆ. ಸತ್ತ ಪ್ರಾಣಿಗೆ ಎಂತ ಹೂ ಅಜ್ಜ, ಮೂಢನಂಬಿಕೆ ಬಿಡಿ ಎಂದೆನಂತೆ. ಜೊತೆಗಿದ್ದವರು ನಕ್ಕರಂತೆ. ಹೂವು ನೆಲಕ್ಕೆ ಬಿತ್ತು.

"ಅಪ್ಪ ಅವತ್ತು ಉಣ್ಣಲಿಲ್ಲ" ಎಂದ ಮಂಜ. "ಹನುಮಂತನ್ನ ನಾನೇ ಹಿಡಿದು ಕೊಟ್ಟೆ, ನಾಯಿ ಸುಟ್ಟಂಗೆ ಸುಟ್ರು ಅಂತ ಅಳ್ತಿದ್ದ. ಅದ್ರ ಮೇಲೆ ನಮ್ಮ ಕೇರಿಲಿ ಎರಡು ಮಂಗ ಸತ್ತ್ವು ಬಾಯಿ. ಎರಡೂ ಅಪ್ಪನೇ ಹುಗ್ದ. ಯಾರೂ ನಿಮಗೆ ಹೇಳಲಿಲ್ಲ."

ನಾನು ಅಲ್ಲೇ ಕಟ್ಟಿಗೆಯ ಮೇಲೆ ಕೂತೆ.

ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ನೌಕರಿಯಲ್ಲಿ ನಾನು ಅತ್ಯಂತ ಅಚ್ಚುಕಟ್ಟಾಗಿ ಮಾಡಿದ ಕೆಲಸ ಎಂದೇ ನೆನಪಿತ್ತು. ಬೀಳ್ಕೊಡುಗೆ ಸಭೆಯಲ್ಲಿ ಮೈಕು ಹಿಡಿದು, ಹೂವು ತಂದ ಅಜ್ಜನ ಕಥೆ ಹೇಳಿ ಜನರನ್ನು ನಗಿಸಿದ್ದೆ. ಆ ಕೇರಿಯಲ್ಲಿ ಮುಂದೆ ಮಂಗ ಸತ್ತ ವರದಿಯೇ ಇಲ್ಲ ಎಂದು ಹೆಮ್ಮೆಯಿಂದ ಸೇರಿಸಿದ್ದೆ. ವರದಿ ಇರಲಿಲ್ಲ, ನಿಜ. ಸತ್ತ ಮಂಗಗಳಿದ್ದವು.

ಅದೇ ವರ್ಷಗಳಲ್ಲಿ ಪೋಲಿಯೋ ಹನಿ ಹಾಕಲು ಭಟ್ಕಳದ ಬದಿಯ ಜಾಲಿಯಲ್ಲಿ ನವಾಯತ ಮುಸ್ಲಿಮರ ಮನೆಗಳಿಗೆ ಹೋಗುತ್ತಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸಲಾಂ ಹೇಳುತ್ತಿದ್ದೆ. ಅಜ್ಜಿಯರ ಮಂಡಿನೋವು ಕೇಳಿ, ಕೊಟ್ಟ ಚಹಾ ಕುಡಿದು, ಕಲಿತಿದ್ದ ನಾಲ್ಕು ನವಾಯತಿ ಮಾತು ತಪ್ಪುತಪ್ಪಾಗಿ ಆಡಿ ಅವರನ್ನು ನಗಿಸಿ, ಆಮೇಲೆ ಮಗುವಿನ ಬಾಯಿ ತೆರೆಸುತ್ತಿದ್ದೆ. ಅವರ ಮನೆಯ ರೀತಿ ನನಗೆ ಗೊತ್ತಿಲ್ಲ ಎಂಬ ಅಳುಕು ಇತ್ತು, ಅದಕ್ಕೆ ಮರ್ಯಾದೆಯಿಂದ ನಡೆದುಕೊಂಡೆ. ಮಂಜನ ಅಪ್ಪ ನಮ್ಮವರೇ, ಅವರಿಗೇನು ಎಂಬ ಸಸಾರ. ಅಷ್ಟಕ್ಕೂ ನನ್ನ ಅಪ್ಪನೇ ಬಲೆಗೆ ಸಿಕ್ಕಿ ಸತ್ತ ಕಡಲಾಮೆಗೆ ಕುಂಕುಮ ಹಚ್ಚಿ, ಕೈ ಮುಗಿದು ನೀರಿಗೆ ಬಿಡುತ್ತಿದ್ದವನು. ಅವನ ಕೈಯನ್ನು ಯಾರಾದರೂ ತಳ್ಳಿದ್ದರೆ ನಾನು ಸುಮ್ಮನಿರುತ್ತಿದ್ದೆನೇ?

ಮಂಜನ ಮೂಗಿನ ಹತ್ತಿರ ಕೆಂಪಗೆ ಒಂದು ಗೆರೆ ಕಂಡಿತು. ನಾಗವೇಣಿ ಅದನ್ನು ಸೆರಗಿನಿಂದ ಒರೆಸಿದಳು, ಮತ್ತೆ ಬಂತು. ಅವಳು ನನ್ನ ಕಡೆ ನೋಡಿದಳು. ಇನ್ನು ಒಂದು ಗಂಟೆ ಇಲ್ಲಿ ಮಲಗಿದರೂ ಕೆಟ್ಟಿತು ಎಂದು ನನಗೆ ಗೊತ್ತಿತ್ತು.

"ಮಂಜ, ಅವತ್ತು ನಾ ಮಾಡಿದ್ದು ತಪ್ಪು" ಎಂದೆ. ಆ ಮಾತು ಬಾಯಿಂದ ಬರಲು ಬಹಳ ಕಷ್ಟಪಟ್ಟಿತು. "ಸುಡೂದು ಬಿಡೂಕಾಗೂದಿಲ್ಲ. ಅದ್ರಾಗೆ ನಾನು ಸುಳ್ಳು ಹೇಳೂದಿಲ್ಲ. ಆದ್ರೆ ಹೂ ಹಾಕದೆ ಸುಡೂಕೆ ಬಿಡೂದಿಲ್ಲ. ನಾನೇ ಹಾಕ್ತೆ."

"ನೀವು ಹಾಕ್ತ್ರಾ?" ಎಂದ. ನಂಬಿಕೆ ಇರಲಿಲ್ಲ ಆ ದನಿಯಲ್ಲಿ.

"ಹಾಕ್ತೆ."

ಅವನು ಕಣ್ಣು ಮುಚ್ಚಿದ. ನಾಗವೇಣಿ ಎದ್ದು ಅವನ ರಟ್ಟೆ ಹಿಡಿದಳು. "ಬಾಯಿ ಹೇಳಿಯಾತಲ್ಲ, ಇನ್ನೆಂತ? ಏಳಿ. ನಿಮ್ಮ ಹನುಮಂತ ಬಂದು ನನ್ನ ಮಕ್ಕಳಿಗೆ ಗಂಜಿ ಹಾಕೂದಿಲ್ಲ" ಎಂದು ಗದರಿದಳು. ಗದರುವಾಗಲೇ ಅಳುತ್ತಿದ್ದಳು. ಅನಿರುದ್ಧನೇ ಜೀಪು ಓಡಿಸಿದ, ಬರಿಗಾಲಿನಲ್ಲಿ.

ಗುರುವಾರ: ಹೊನ್ನಾವರ

ಮೊದಲೇ ಹೇಳಿಬಿಡುತ್ತೇನೆ, ಮಂಜ ಬದುಕಿದ. ಹೊನ್ನಾವರದ ದವಾಖಾನೆಯವರು ರಕ್ತ ತೆಗೆದು, ಸಲೈನ್ ಹಚ್ಚಿ, ಬುಧವಾರ ಸಂಜೆಯೇ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಅಂಬುಲೆನ್ಸಿನಲ್ಲಿ ಕಳಿಸಿದರು. ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದೇ ಬಂತು. ನಡುವೆ ಎರಡು ದಿನ ಅವನಿಗೆ ನಾಗವೇಣಿಯ ಗುರುತೇ ಇರಲಿಲ್ಲ. ಈಗ ಮನೆಯಲ್ಲಿದ್ದಾನೆ, ಲೋಟ ಹಿಡಿದರೆ ಕೈ ನಡುಗುತ್ತದೆ, ಆದರೂ ಓಡಾಡುತ್ತಾನೆ.

ಗುರುವಾರ ಅತಿಥಿಗಳನ್ನೆಲ್ಲ ದವಾಖಾನೆಗೆ ಕರೆಸಿ, ಸಾಲಾಗಿ ಕೂರಿಸಿ ನಾನು, ದವಾಖಾನೆಯ ಇಬ್ಬರು ಹುಡುಗಿಯರು ಮೈ ನೋಡಿದೆವು. ಹೊರದೇಶದವರ ಒಂದು ಗುಣ ಮೆಚ್ಚಬೇಕು, ನಿಜ ಹೇಳಿದರೆ ಕೇಳುತ್ತಾರೆ. ಎರಡು ಹೊತ್ತು ಜ್ವರ ನೋಡಿ ಬರೆದಿಡಿ ಎಂದರೆ, ಗಂಜಿಯನ್ನು ಮೂವತ್ತೆರಡು ಸಲ ಅಗಿದ ಶಿಸ್ತಿನಲ್ಲೇ ಬರೆದರು. ಮಾರಿಟ್ ಮಾತ್ರ ನನ್ನ ಕೈ ಹಿಡಿದು, ಅಂಥ ಪ್ರೀತಿಯಿಂದ ಮಾಡಿದ ಕೆಲಸದಲ್ಲಿ ಇಂಥದ್ದು ಇರುತ್ತದೆಂದರೆ ನಂಬಲಾಗುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ಅವಳಿಗೂ ನನಗೂ ಕೊನೆಗೆ ಏನೂ ಆಗಲಿಲ್ಲ. ಅದು ಅದೃಷ್ಟ, ನನ್ನ ಜಾಣತನವಲ್ಲ.

ಶುಕ್ರವಾರ: ನೇರಳೆ ಮರದ ಕೆಳಗೆ

ಬೆಳಗ್ಗೆ ಒಂಬತ್ತಕ್ಕೆ ತಂಡ ಬಂತು. ಮೈಮುಚ್ಚುವ ಬಿಳಿ ನಿಲುವಂಗಿ, ಗಮ್‌ಬೂಟು, ಬೆನ್ನಿಗೆ ಉಣುಗು ಕೊಲ್ಲುವ ಪುಡಿ ಹೊಡೆಯುವ ಯಂತ್ರ. ಮುಂದಾಳು ಒಬ್ಬ ಯುವ ಅಧಿಕಾರಿ. ಅವನು ಹೊಸದಾಗಿ ನೌಕರಿಗೆ ಸೇರಿದಾಗ ನಾನೇ ಊರು ತೋರಿಸಿದ್ದೆ. ನಾನೂ ನಿಲುವಂಗಿ, ಕೈಗವಸು ಕೇಳಿ ಹಾಕಿಕೊಂಡೆ. ಹಳೆಯ ಅಭ್ಯಾಸ ಎಂದು ಅವರು ಸುಮ್ಮನೆ ಕೊಟ್ಟರು.

ಕಲ್ಲು ಸರಿಸಿ ಅಗೆದರು. ಬಿಳಿ ಪಂಚೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಅರಿಶಿನದ ಕಲೆ ಮಾತ್ರ ಹಾಗೇ ಇತ್ತು. ಪಂಚೆಯನ್ನು ನಾಲ್ಕೂ ಕಡೆ ಮಡಿಚಿ ದಾರ ಕಟ್ಟಿದ ರೀತಿ ನೋಡಿದೆ. ಹೆರಿಗೆ ಕೋಣೆಯಲ್ಲಿ ನಾನು ಎಷ್ಟೋ ಕೂಸುಗಳನ್ನು ಸುತ್ತಿ ಕೊಟ್ಟಿದ್ದೇನೆ, ಇದಕ್ಕಿಂತ ಚಂದ ಸುತ್ತಿರಲಿಕ್ಕಿಲ್ಲ. ಮಾದರಿ ತೆಗೆದರು. ಪಕ್ಕದಲ್ಲಿ ಒಟ್ಟಿದ ಕಟ್ಟಿಗೆಯ ಮೇಲೆ ಇಟ್ಟರು. ಒಬ್ಬ ಸೀಮೆಎಣ್ಣೆಯ ಡಬ್ಬಿ ಎತ್ತಿದ.

"ಸ್ವಲ್ಪ ತಡಿ" ಎಂದೆ.

ಗಂಡನ ಜೊತೆ ಆಸ್ಪತ್ರೆಗೆ ಹೊರಡುವ ಮೊದಲು ನಾಗವೇಣಿ ತೋಟದ ದಾಸವಾಳದ ಗಿಡ ತೋರಿಸಿ ಹೋಗಿದ್ದಳು. ಬೆಳಗ್ಗೆಯೇ ಕೊಯ್ದು ಬಾಳೆಲೆಯಲ್ಲಿ ಸುತ್ತಿಟ್ಟಿದ್ದೆ. ಜೊತೆಗೆ ನನ್ನ ಹೊಸ ಕರವಸ್ತ್ರ, ಹೊಸ ಬಟ್ಟೆ ಎಂದು ನನ್ನ ಬಳಿ ಬೇರೇನೂ ಇರಲಿಲ್ಲ. ಇಕ್ಕಳದ ತುದಿಯಲ್ಲಿ ಹಿಡಿದು ಹತ್ತಿರ ಹೋದೆ.

ಯುವ ಅಧಿಕಾರಿ ಮುಖಗವಸಿನ ಹಿಂದಿನಿಂದ ನಕ್ಕ. "ಎಂತ ಮೇಡಂ, ನೀವೂ ಇದನ್ನೆಲ್ಲ ನಂಬೂಕೆ ಶುರು ಮಾಡಿದ್ರಾ?"

"ಇಲ್ಲ ಮಾರಾಯ, ನಂಬೂದಿಲ್ಲ. ಎರಡು ನಿಮಿಷ ಕೊಡು."

ಅವನು ಗಡಿಯಾರ ನೋಡಿದ. ನಾನೂ ನೋಡಿದೆ. ಬಟ್ಟೆ ಹೊದೆಸಿದೆ, ಹೂವಿಟ್ಟೆ. ಮಂತ್ರ ಬರುವುದಿಲ್ಲ, ಸುಮ್ಮನೆ ಕೈ ಮುಗಿದೆ. ಮಂಜನಿಗೆ ತೋರಿಸಲೆಂದು ಅನಿರುದ್ಧ ದೂರದಿಂದ ಫೋನಿನಲ್ಲಿ ಒಂದು ಚಿತ್ರ ತೆಗೆದ. ಹಿಂದೆ ಸರಿದು ನಿಂತು ಇನ್ನು ಹಚ್ಚಿ ಎಂದೆ.

ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ. ಹನ್ನೆರಡು ವರ್ಷದ ಹಿಂದೆಯೂ ಅಷ್ಟೇ ಹಿಡಿಯುತ್ತಿತ್ತು.